ಆಂಜಿಲಿ ಮರದ ಮಣೆ

ವೀರಭದ್ರನಿಗೆ ಕಂಡ ಮರವನ್ನೆಲ್ಲ ಬಡಿದು ನೋಡುವ ಅಭ್ಯಾಸವಿತ್ತು. ಬಲಗೈಯ ನಡುಬೆರಳಿನ ಗೆಣ್ಣಿನಿಂದ ಎರಡು ಸಲ, ಕಿವಿಯನ್ನು ತುಸು ವಾಲಿಸಿ. ಹೋಟೆಲಿನ ಮೇಜು, ಬ್ಯಾಂಕಿನ ಕೌಂಟರು, ದೋಣಿಕಟ್ಟೆಯ ಕಂಬ, ರೈಲಿನ ಬೆಂಚು, ಯಾವುದನ್ನೂ ಬಿಡುತ್ತಿರಲಿಲ್ಲ. ಗೆಳೆಯರ ಮನೆಯ ಬಾಗಿಲನ್ನೂ ಹಾಗೆಯೇ ಬಡಿಯುತ್ತಿದ್ದ. ಯಾರೋ ಬಂದರೆಂದು ಒಳಗಿನವರು ಎದ್ದು ಬಂದರೆ, "ನಿಮ್ಮನ್ನ ಕರೀಲಿಲ್ರಿ, ಬಾಗಿಲಾ ಮಾತಾಡಿಸಿದೆ. ಹಲಸು ಅಂತ ಹೇಳಿ ಬ್ಯಾರೆ ಏನೋ ಕೊಟ್ಟಾರ ನಿಮಗ" ಎಂದು ನಗುತ್ತಿದ್ದ. ಅವನು ಹೋಗಿ ಒಂದು ವರ್ಷವಾಗುತ್ತ ಬಂತು. ಈಗಲೂ ಬಾಗಿಲಲ್ಲಿ ಎರಡು ಸಲ ಸದ್ದಾದರೆ ಏಳಬೇಕೋ ಬೇಡವೋ ಎಂಬುದು ಗೆಳೆಯ ಶ್ರೀಪತಿಗೆ ತಕ್ಷಣ ತಿಳಿಯುವುದಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ಕಂಡದ್ದು 1963ರ ಮಳೆಗಾಲದಲ್ಲಿ, ಕೊಚ್ಚಿಯಲ್ಲಿ. ಮೀನುಗಾರಿಕೆಯ ದೋಣಿಗಳನ್ನು ಕಟ್ಟುವ ಕೇಂದ್ರ ಸರಕಾರದ ಒಂದು ಕಾರ್ಯಾಗಾರ ಫೋರ್ಟ್ ಕೊಚ್ಚಿಯ ಕಡೆ ಹಿನ್ನೀರಿನ ದಂಡೆಯ ಮೇಲಿತ್ತು. ಶ್ರೀಪತಿ ಅಲ್ಲಿ ಟೈಪಿಸ್ಟ್. ಮೈಸೂರಿನವನು, ಬಂದು ಎರಡು ವರ್ಷವಾಗಿದ್ದರೂ ಕನ್ನಡದಲ್ಲಿ ನಾಲ್ಕು ಮಾತಾಡುವವರು ಸಿಕ್ಕದೆ ಬಾಯಿ ಒಣಗಿತ್ತು. ಮರದ ಇನ್‌ಸ್ಪೆಕ್ಟರಾಗಿ ಹೊಸಬನೊಬ್ಬ ಬರುತ್ತಾನೆ, ಹಳಿಯಾಳದ ಕಡೆಯವನು ಎಂದು ಕೇಳಿ ಹಿಂದಿನ ದಿನದಿಂದಲೇ ಕಾದಿದ್ದ. ಬಂದವನು ಮೊದಲು ಟೈಪ್‌ರೈಟರಿನ ಕೆಳಗಿದ್ದ ಮೇಜನ್ನು ಬಡಿದ. ಆಮೇಲೆ ನಮಸ್ಕಾರ ಮಾಡಿದ.

ವೀರಭದ್ರನ ತಂದೆ ಕಾಡಿನ ಇಲಾಖೆಯ ಮರದ ಡಿಪೋದಲ್ಲಿ ಕಾವಲುಗಾರರಾಗಿದ್ದವರು. ತೇಗ, ಮತ್ತಿ, ಹೊನ್ನೆ, ಜಂಬೆ ಇವುಗಳ ನಡುವೆಯೇ ಬೆಳೆದ ಹುಡುಗ ಮುಂದೆ ಅದೇ ಡಿಪೋದಲ್ಲಿ ಕೆಲಸ ಕಲಿತ. ಹೆರೆದ ಮರದ ಚೂರನ್ನು ಮೂಸಿ, ನಾಲಿಗೆಯ ತುದಿಗೆ ಮುಟ್ಟಿಸಿ, ಇಂಥದೇ ಎಂದು ಹೇಳಬಲ್ಲವನಾಗಿದ್ದ. ಕೊಚ್ಚಿಯಲ್ಲಿ ಮಾತ್ರ ಎಲ್ಲ ದೋಣಿಗೂ ಆಂಜಿಲಿಯೇ ಆಗಬೇಕು. ನಮ್ಮ ಕಡೆ ಹೆಬ್ಬಲಸು ಎನ್ನುವ ಮರ ಅದು. ಕೊಯ್ದ ಹೊಸದರಲ್ಲಿ ಅರಿಶಿನದ ಬಣ್ಣ, ವರ್ಷ ಕಳೆದಂತೆ ಬೆಲ್ಲದ ಬಣ್ಣ. ತೇಗದಷ್ಟು ಬೆಲೆಯದಲ್ಲ, ಆದರೆ ನೀರಿನಲ್ಲಿ ತೇಗಕ್ಕೆ ಸೋಲುವುದಿಲ್ಲ. ಹಗುರ, ಉದ್ದಕ್ಕೆ ನೇರ. ಹಲಗೆ ಬಗ್ಗುತ್ತದೆ, ಮುರಿಯುವುದಿಲ್ಲ. ಹೊಡೆದ ತಾಮ್ರದ ಮೊಳೆಯನ್ನು ಬಿಡುವುದಿಲ್ಲ. ಹೊರಗಿನ ಬಿಳಿ ಭಾಗವನ್ನು ಕೆತ್ತಿ ತೆಗೆದು ಒಳಗಿನ ಚೇಗನ್ನಷ್ಟೇ ಬಳಸಿ, ಮೇಲೆ ಮೀನೆಣ್ಣೆ ಬಳಿಯುತ್ತಾ ಹೋದರೆ ಒಂದು ತಲೆಮಾರು ಬಾಳುತ್ತದೆ. ಇದನ್ನೆಲ್ಲ ವೀರಭದ್ರ ಮೂರು ತಿಂಗಳಲ್ಲಿ ಕಲಿತ. ಕಲಿಸಿದವನು ಪಪ್ಪು ಆಶಾರಿ. ಆಶಾರಿಯೆಂದರೆ ಅಲ್ಲಿ ಬಡಗಿ.

ಪಪ್ಪು ಆಶಾರಿ ಕಾರ್ಯಾಗಾರದ ಬಡಗಿಗಳಿಗೆಲ್ಲ ಹಿರಿಯ. ಐವತ್ತರ ಆಸುಪಾಸಿನ, ಸಣಕಲು ಮೈಯ, ಮಾತು ಕಡಿಮೆಯ ಮನುಷ್ಯ. ಕಾಗದದ ಮೇಲಿನ ನಕ್ಷೆಯನ್ನು ಗೌರವದಿಂದ ನೋಡಿ, ಮಡಿಸಿಟ್ಟು, ಕಣ್ಣಳತೆಯಲ್ಲಿ ದೋಣಿ ಕಟ್ಟುತ್ತಿದ್ದ. ಕೆಲಸ ಮುಗಿದ ಮೇಲೆ ಅಳೆದು ನೋಡಿದರೆ ನಕ್ಷೆಯೇ ದೋಣಿಯನ್ನು ನೋಡಿ ಬರೆದಂತಿರುತ್ತಿತ್ತು.

ದೋಣಿಯ ಮರವನ್ನು ಹದ ಮಾಡುವ ಕ್ರಮವೇ ಬೇರೆ. ಮಲಯಾಟ್ಟೂರಿನ ಕಾಡಿನಿಂದ ಪೆರಿಯಾರ್ ಹೊಳೆಯಲ್ಲಿ ತೇಲಿಬಂದ ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿ ಹಿನ್ನೀರಿನಲ್ಲೇ ಬಿಡುತ್ತಿದ್ದರು. ಮರದ ಹಾಲು, ರಸ ಎಲ್ಲ ನೀರಿಗೆ ಹೋಗಿ, ಆಮೇಲೆ ನೆರಳಿನಲ್ಲಿ ಆರಿದರೆ ಸೀಳು ಬಿಡುವುದಿಲ್ಲ. 1964ರಲ್ಲಿ ಎರಡು ದೊಡ್ಡ ದೋಣಿಗಳಿಗೆಂದು ಮೂವತ್ತು ದಿಮ್ಮಿ ಬಂದವು. ಓಣಂ ಕಳೆದು ಎರಡು ತಿಂಗಳಾಗಿರಬೇಕು, ಪಪ್ಪು ಆಶಾರಿ ದೋಣಿಕಟ್ಟೆಗೆ ಬಂದು ನಿಂತ. ವೀರಭದ್ರ ದಿಮ್ಮಿ ಎಣಿಸುತ್ತಿದ್ದ. ಹಾಜರಿ ಪುಸ್ತಕ ಹಿಡಿದ ಶ್ರೀಪತಿಯೂ ಅಲ್ಲೇ ಇದ್ದ.

"ಸಾರೇ, ಇವನ್ನು ಮೇಲೆ ಎಳೆಸೋಣ. ವೃಶ್ಚಿಕ ಮಾಸ ಹುಟ್ಟಿದ ಮೇಲೆ ನೀರಲ್ಲಿ ಇರಬಾರದು."

"ಯಾಕೆ?"

"ಉಪ್ಪು ಬರುತ್ತದೆ."

ವೀರಭದ್ರ ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ಮುಟ್ಟಿಸಿದ. ಸಿಹಿ ನೀರು. ಅವನ ಊರಿನ ಡಿಪೋದಲ್ಲೂ ದಿಮ್ಮಿಗಳನ್ನು ಕೆರೆಯಲ್ಲಿ ಮುಳುಗಿಸಿಡುತ್ತಿದ್ದರು, ವರ್ಷ ಕಳೆದಷ್ಟೂ ಒಳ್ಳೆಯದೆಂದು. ಕೆರೆಯ ನೀರು ಜಾತ್ರೆಗೊಂದು ರುಚಿ ಹಬ್ಬಕ್ಕೊಂದು ರುಚಿ ಆಗುವುದನ್ನು ಅವನು ಕಂಡಿರಲಿಲ್ಲ. ಈಗ ಮೇಲೆಳೆದರೆ ಒಣ ಗಾಳಿಗೆ ತುದಿಗಳು ಸೀಳುತ್ತವೆ ಎಂಬುದು ಅವನ ಲೆಕ್ಕ. ತನಗೆ ಬರುತ್ತಿದ್ದ ಹರಕು ಮಲಯಾಳದಲ್ಲಿ, "ಇರಲಿ ಆಶಾರಿ. ಮಾರ್ಚಿಗೆ ತೆಗೆಯೋಣ. ನೀರು ಚೆನ್ನಾಗಿಯೇ ಇದೆ" ಎಂದ.

ಆಶಾರಿ ಅವನ ಒದ್ದೆ ಕೈಯನ್ನು ಒಂದು ಕ್ಷಣ ನೋಡಿದ. "ಆಗಲಿ ಸಾರೇ" ಎಂದು ಹೋದ.

ಮಳೆ ಇರುವಷ್ಟು ದಿನ ಹೊಳೆಗಳ ನೀರು ಸಮುದ್ರವನ್ನು ಆಚೆ ದಬ್ಬಿಟ್ಟಿರುತ್ತದೆ. ವೃಶ್ಚಿಕದಲ್ಲಿ, ಎಂದರೆ ನವೆಂಬರಿನ ನಡುವಿನಲ್ಲಿ, ಹೊಳೆ ಇಳಿದ ಕೂಡಲೇ ಸಮುದ್ರ ಒಳಗೆ ಬರುತ್ತದೆ, ಅದರ ಜೊತೆಗೆ ಮರ ಕೊರೆಯುವ ಹುಳುವೂ ಬರುತ್ತದೆ. ಕೊಚ್ಚಿಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಹಳಿಯಾಳದವನಿಗೂ ಮೈಸೂರಿನವನಿಗೂ ಗೊತ್ತಿರಲಿಲ್ಲ.

ಮುಂದಿನ ಫೆಬ್ರವರಿಯಲ್ಲಿ ವೀರಭದ್ರ ಹೆಂಡತಿಯನ್ನು ಕರೆತರಲು ಊರಿಗೆ ಹೋದ. ಆ ವಾರವೇ ಒಂದು ದೋಣಿಯ ಕೆಲಸ ಅವಸರವಾಗಿ, ಮೊದಲ ದಿಮ್ಮಿಯನ್ನು ಗರಗಸಕ್ಕೆ ಕೊಟ್ಟರು. ಹೊರಗೆ ಏನೂ ಇರಲಿಲ್ಲ, ಸೂಜಿ ಚುಚ್ಚಿದಂಥ ಚುಕ್ಕೆಗಳಷ್ಟೇ. ಒಳಗೆ ಬೆರಳು ಹೋಗುವಷ್ಟು ದಪ್ಪದ ಸುರಂಗಗಳು, ಗೋಡೆಗೆಲ್ಲ ಸುಣ್ಣ ಹಚ್ಚಿದಂತೆ ಬೆಳ್ಳಗೆ. ಕುಯ್ಯುವವರು ಗರಗಸ ನಿಲ್ಲಿಸಿದರು. ಮೂವತ್ತರಲ್ಲಿ ಇಪ್ಪತ್ತೆರಡು ದಿಮ್ಮಿ ಹೀಗೆಯೇ ಹೋಗಿದ್ದವು.

ಸೂಪರಿಂಟೆಂಡೆಂಟ್ ಮೇನೋನ್ ಕೆಟ್ಟವರಲ್ಲ, ಆದರೆ ಮೇಲಿನವರಿಗೆ ಉತ್ತರ ಕೊಡಬೇಕಾದವರು. ಮರವನ್ನು ನೀರಿಗೆ ಬಿಡುವುದು, ತೆಗೆಯುವುದು ಹಿರಿಯ ಆಶಾರಿಯ ಜವಾಬ್ದಾರಿ ಎಂದು ಹಳೆಯ ರಿಜಿಸ್ಟರಿನಲ್ಲಿ ಇತ್ತು. ವೀರಭದ್ರನ ಅಪ್ಪಣೆ ಬಾಯಿಮಾತಿನದು, ಎಲ್ಲೂ ಬರೆದಿರಲಿಲ್ಲ. ಏಕೆ ತೆಗೆಸಲಿಲ್ಲ ಎಂದು ಕೇಳಿದ್ದಕ್ಕೆ ಪಪ್ಪು ಆಶಾರಿ, "ತೆಗೆಯಬೇಕಿತ್ತು ಸಾರೇ" ಎಂದಷ್ಟೇ ಹೇಳಿ ಮೈಮೇಲಿನ ತೋರ್ತು ಟವೆಲನ್ನು ಕೈಗೆ ಸುತ್ತಿಕೊಂಡ. ಅವನನ್ನು ಕೆಲಸದಿಂದ ಏಕೆ ತೆಗೆಯಬಾರದೆಂಬ ಮೆಮೋವನ್ನು ಟೈಪ್ ಮಾಡಿದವನು ಶ್ರೀಪತಿ. ದೋಣಿಕಟ್ಟೆಯಲ್ಲಿ ನಡೆದ ಮಾತು ಅವನಿಗೆ ಅಕ್ಷರಕ್ಕೆ ಅಕ್ಷರ ನೆನಪಿತ್ತು. ಆದರೂ ಟೈಪ್ ಮಾಡಿದ. ಗೆಳೆಯ ಇನ್ನೂ ಪ್ರೊಬೇಶನ್ನಿನಲ್ಲಿದ್ದ. ಕೊಚ್ಚಿಯಲ್ಲಿ ಶ್ರೀಪತಿಗಿದ್ದ ಗೆಳೆಯ ಅವನೊಬ್ಬನೇ.

ವೀರಭದ್ರ ಹಿಂದಿರುಗಿದ ದಿನ ಎರ್ನಾಕುಳಂ ನಿಲ್ದಾಣದಲ್ಲೇ ಶ್ರೀಪತಿ ವಿಷಯ ತಿಳಿಸಿದ. ಹೊಸದಾಗಿ ಬಂದಿದ್ದ ಅವನ ಹೆಂಡತಿ ದಾಕ್ಷಾಯಣಿ ಟ್ರಂಕಿನ ಮೇಲೆ ಕುಳಿತು ಇಬ್ಬರ ಮುಖವನ್ನೂ ನೋಡುತ್ತಿದ್ದಳು.

"ನಿಮ್ಮ ಹೆಸರು ಯಾರೂ ಎತ್ತಿಲ್ಲ. ಆಶಾರಿನೂ ಎತ್ತಿಲ್ಲ. ಸುಮ್ನೆ ಇದ್ದುಬಿಡಿ" ಎಂದ ಶ್ರೀಪತಿ. "ಅವನಿಗೆ ಬೇರೆ ಕೆಲಸ ಸಿಗುತ್ತೆ. ಅಂಬಲಮುಗಳ್‌ನಲ್ಲಿ ಅಷ್ಟು ದೊಡ್ಡ ಕಾರ್ಖಾನೆ ಏಳ್ತಿದೆ, ಬಡಗಿಗಳನ್ನ ಕರೆದು ಕರೆದು ತಗೋತಿದಾರೆ."

"ಕಾಂಕ್ರೀಟಿಗೆ ಹಲಗಿ ಹೊಡಿಯೂ ಕೆಲಸೇನ್ರಿ?"

"ಏನೋ ಒಂದು."

"ದೋಣಿ ಕಟ್ಟೂ ಕೈ ಅದು ಶ್ರೀಪತಿ."

ವೀರಭದ್ರ ಹೆಂಡತಿಯನ್ನು ಮನೆಗೆ ಬಿಟ್ಟು ನೇರವಾಗಿ ಕಾರ್ಯಾಗಾರಕ್ಕೆ ಹೋದ. ಕೊಯ್ದು ಬಿಟ್ಟಿದ್ದ ದಿಮ್ಮಿಯ ಪಕ್ಕದಲ್ಲಿ ಮಧ್ಯಾಹ್ನವೆಲ್ಲ ಕುಳಿತಿದ್ದ. ಊಟಕ್ಕೆ ಕರೆಯಲು ಹೋದ ಶ್ರೀಪತಿಗೆ ಕಂಡದ್ದು, ಅವನು ತೂತಿನೊಳಗೆ ಬೆರಳಿಟ್ಟು, ತೆಗೆದು, ಬೆರಳನ್ನು ನಾಲಿಗೆಗೆ ಮುಟ್ಟಿಸುತ್ತಿದ್ದುದು.

"ಉಪ್ಪು" ಎಂದ.

ಸಂಜೆಯ ಹೊತ್ತಿಗೆ ಒಂದು ಕಾಗದ ಬರೆದು ತಂದ. ಮರವನ್ನು ನೀರಿನಲ್ಲೇ ಇಡಲು ಹೇಳಿದವನು ತಾನು, ಆಶಾರಿ ಸಮಯಕ್ಕೆ ಸರಿಯಾಗಿ ಎಚ್ಚರಿಸಿದ್ದ, ತಾನು ಕೇಳಲಿಲ್ಲ. ಇಂಗ್ಲಿಷಿನಲ್ಲಿ ಮೂರೇ ವಾಕ್ಯ. ತಿದ್ದಿ ಟೈಪ್ ಮಾಡಿಕೊಡಿ ಎಂದ. ಶ್ರೀಪತಿ ಅದನ್ನು ಡ್ರಾಯರಿನಲ್ಲಿಟ್ಟ. ಒಂದು ರಾತ್ರಿ ನಿದ್ದೆ ಮಾಡಿದರೆ ಮನಸ್ಸು ಬದಲಾದೀತೆಂಬ ಆಸೆ.

ಮರುದಿನ ಬೆಳಿಗ್ಗೆ ವೀರಭದ್ರ ಬಂದು ಮೇಜು ಬಡಿದ.

"ಆತೇನ್ರಿ?"

"ರಿಬ್ಬನ್ ಮುಗಿದಿದೆ."

"ಹೌದಾ? ಮತ್ತ ಆಶಾರಿ ಮೆಮೋ ಕರ್ರಗ ಮೂಡೇದಲ್ಲ. ಅದಕ್ಕೇನು ಕಾಡಿಗಿ ಹಚ್ಚಿದ್ರಿ?"

ಶ್ರೀಪತಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ನಿಮ್ಮ ಕನ್ಫರ್ಮೇಶನ್ ಹೋಗುತ್ತೆ ಕಣ್ರೀ. ಹೊಸ ಸಂಸಾರ. ನಿನ್ನೆ ತಾನೇ ಬಂದಿದಾರೆ ಆಯಮ್ಮ."

"ಆಕಿಗೆ ಹೇಳೇನಿ."

"ಏನಂದ್ರು?"

"ನೀರಿನ ರುಚಿ ನೋಡಾಂವಗ ಆಶಾರಿ ಮಾತಿನ ರುಚಿ ನೋಡಾಕ ಏನಾಗಿತ್ತು ಅಂದ್ಳು." ಕುರ್ಚಿ ಎಳೆದು ಕುಳಿತ. "ನೋಡ್ರಿ, ಮರಾ ಹಾಳಾತು, ಅದು ಹೋತು. ಇನ್ನ ಆ ಮನಶ್ಯಾ ಒಬ್ಬ ಉಳದಾನ. ನೀವು ಟೈಪ್ ಮಾಡಲಿಲ್ಲಂದ್ರ ನಾ ಕೈಲೇ ಬರದದ್ದನ್ನ ಕೊಡ್ತೀನಿ. ನನ್ನ ಸ್ಪೆಲಿಂಗ್ ನೋಡಿ ಮೇನೋನ್ ಸಾಹೇಬ್ರು ಅದಕ್ಕೊಂದು ಬ್ಯಾರೆ ಮೆಮೋ ಕೊಡ್ತಾರ."

ಶ್ರೀಪತಿ ಟೈಪ್ ಮಾಡಿದ. ಸಾಕ್ಷಿಯಾಗಿ ತಾನೂ ಅಲ್ಲಿದ್ದೆನೆಂದು ಕೆಳಗೆ ಒಂದು ಸಾಲು ಸೇರಿಸಿ ಸಹಿ ಹಾಕಿದ. ಆ ಸಾಲನ್ನು ವೀರಭದ್ರ ಕೇಳಿರಲಿಲ್ಲ. ಓದಿ ಕಾಗದ ಮಡಿಸಿಕೊಂಡ. ಆ ದಿನ ಇಬ್ಬರ ಊಟದ ಡಬ್ಬಿಯಲ್ಲಿದ್ದ ಜೋಳದ ರೊಟ್ಟಿಯಲ್ಲಿ ಹೆಚ್ಚಿನ ಪಾಲು ಶ್ರೀಪತಿಗೆ ಬಂತು.

ಪಪ್ಪು ಆಶಾರಿ ಕೆಲಸದಲ್ಲಿ ಉಳಿದ. ವೀರಭದ್ರನ ಕೆಲಸ ಕಾಯಂ ಆಗುವುದು ಮೂರು ವರ್ಷ ಮುಂದೆ ಹೋಯಿತು, ಮರು ವರ್ಷ ತಿರುವನಂತಪುರಕ್ಕೆ ವರ್ಗವೂ ಆಯಿತು. ಹೊರಡುವ ದಿನ ಎರ್ನಾಕುಳಂ ನಿಲ್ದಾಣಕ್ಕೆ ಆಶಾರಿ ಹಳೆಯ ಪಂಚೆಯಲ್ಲಿ ಸುತ್ತಿದ ಏನನ್ನೋ ಕಂಕುಳಲ್ಲಿ ಹಿಡಿದು ಬಂದ. ಬಿಚ್ಚಿದರೆ ಆಂಜಿಲಿಯ ಮಣೆ, ಒಂದೇ ಹಲಗೆಯದು. ಹಾಳಾದ ದಿಮ್ಮಿಯಲ್ಲಿ ಗಟ್ಟಿ ಉಳಿದಿದ್ದ ಒಂದು ತುಂಡನ್ನು ಹುಡುಕಿ, ಕೇಳಿ ಪಡೆದು ಮಾಡಿದ್ದ. ಒಂದು ಮೂಲೆಯಲ್ಲಿ ಮಾತ್ರ ಹುಳು ಕೊರೆದ ಒಂದು ತೂತು ಉಳಿದಿತ್ತು.

"ಅದನ್ನು ಕತ್ತರಿಸಿದ್ದರೆ ಮಣೆ ಚಿಕ್ಕದಾಗುತ್ತಿತ್ತು. ಸಾರ್ ದಿನಾ ಕೂತು ಪೂಜೆ ಮಾಡುತ್ತೀರಲ್ಲ, ಕಾಲು ಮಡಿಸಲು ಜಾಗ ಬೇಕು."

ಆಮೇಲೆ ಇಬ್ಬರೂ ಪ್ಲಾಟ್‌ಫಾರಂ ತುದಿಯ ತನಕ ಹೋಗಿ ಏನೋ ಮಾತಾಡಿದರು. ಸಾಮಾನು ಕಾಯುತ್ತಿದ್ದ ಶ್ರೀಪತಿಗೆ ಕೇಳಿಸಲಿಲ್ಲ. ಆಶಾರಿ ತಲೆ ತಗ್ಗಿಸಿ ನಿಂತಿದ್ದುದು, ವೀರಭದ್ರ ಅವನ ಭುಜದ ಮೇಲೆ ಕೈಯಿಟ್ಟಿದ್ದುದು ಕಂಡಿತು, ಅಷ್ಟೇ.

ಮೂರು ವರ್ಷದ ನಂತರ ಶ್ರೀಪತಿಗೂ ತಿರುವನಂತಪುರಕ್ಕೆ ವರ್ಗವಾಯಿತು. ತಂಪಾನೂರಿನಲ್ಲಿ ರೈಲಿಳಿದಾಗ ವೀರಭದ್ರ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ. ಮನೆ ಸಿಗುವವರೆಗೆ ಲಾಡ್ಜಿನಲ್ಲಿ ಇರುತ್ತೇನೆಂದರೆ ಕೇಳದೆ, ಶ್ರೀಪತಿಯ ಸಂಸಾರವನ್ನು ಎರಡು ತಿಂಗಳು ತನ್ನ ಎರಡು ಕೋಣೆಯ ಮನೆಯಲ್ಲೇ ಇಟ್ಟುಕೊಂಡ. ಆಗ ಅವನು ಕೇಂದ್ರದ ಸಂಸ್ಥೆಯೊಂದರ ಉಗ್ರಾಣದಲ್ಲಿದ್ದ. ವಿಜ್ಞಾನಿಗಳ ಸೂಕ್ಷ್ಮ ಉಪಕರಣಗಳನ್ನು ಸಾಗಿಸಲು ಮರದ ಪೆಟ್ಟಿಗೆ ಮಾಡಿಸುವ ಕೆಲಸ. "ಮೊದಲ ಮರಾ ಸಮುದ್ರಕ್ಕ ಕಳಸ್ತಿದ್ದೆ, ಈಗ ಪಾರ್ಸಲ್ ಆಫೀಸಿಗೆ" ಎಂದು ನಗುತ್ತಿದ್ದ. ಆದರೆ ಪೆಟ್ಟಿಗೆಯ ಹಲಗೆಯನ್ನೂ ಬಡಿದು, ಮೂಸಿ ನೋಡಿಯೇ ಒಪ್ಪುತ್ತಿದ್ದ. ಅವನ ಪೆಟ್ಟಿಗೆಯಲ್ಲಿ ಹೋದ ಗಾಜು ಒಡೆಯಲಿಲ್ಲವೆಂದು ಅಲ್ಲಿಯವರು ಹೇಳುತ್ತಿದ್ದರು.

ಒಂದು ರೂಢಿ ಮಾಡಿಕೊಂಡಿದ್ದ. ಯಾವ ಕೆಲಸಕ್ಕೂ ಮೊದಲು ಬಡಗಿಯನ್ನು ಎರಡು ಸಲ ಕೇಳುವುದು. "ನೀವೇನಂತೀರಿ?" ಎಂದು ಕೇಳಿ, ಉತ್ತರ ಬಂದ ಮೇಲೆ, "ಇನ್ನೊಮ್ಮೆ ಹೇಳಿ" ಎನ್ನುತ್ತಿದ್ದ. ಕೆಲವರು ಕಿವಿ ಮಂದವೆಂದು ತಿಳಿದು ಜೋರಾಗಿ ಹೇಳುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಮನೆಗೆ ಕರೆದು, ಕಾಫಿ ಕೊಟ್ಟು, ಮಣೆಯ ತೂತಿನಲ್ಲಿ ಬೆರಳಿಡಿಸಿ, ತನ್ನ ತಪ್ಪಿನ ಕಥೆ ಹೇಳುತ್ತಿದ್ದ. ಕಥೆಯಲ್ಲಿ ತನ್ನ ಪಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚು ಪೆದ್ದನಾಗುತ್ತ ಹೋಯಿತು. ಅಪ್ಪನನ್ನು ಅಲ್ಲಿಯವರಂತೆ ಅಚ್ಛಾ ಎಂದು ಕರೆಯುತ್ತಿದ್ದ ಮಗಳು ರತ್ನ ಒಳಗಿನಿಂದ ಮಲಯಾಳದಲ್ಲಿ, "ಅಚ್ಛಾ, ಮೊನ್ನೆ ಹದಿನೈದು ದಿಮ್ಮಿ ಅಂದಿದ್ದಿರಿ, ಇವತ್ತು ಮೂವತ್ತಾಯಿತಾ?" ಎಂದು ಕೂಗುತ್ತಿದ್ದಳು. ಮೂವತ್ತೇ ನಿಜ. ಮೊನ್ನೆ ಕಡಿಮೆ ಹೇಳಿದ್ದು ಮೊದಲ ಸಲ ಬಂದ ಹುಡುಗ ಹೆದರಬಾರದೆಂದು.

1976ರ ಅಕ್ಟೋಬರಿನ ಒಂದು ಬೆಳಿಗ್ಗೆ, ಪೂಜೆಗೆ ಕುಳಿತಲ್ಲೇ ಎದೆ ನೋವೆಂದ. ಆಸ್ಪತ್ರೆ ತಲುಪಲಿಲ್ಲ. ನಲವತ್ತಮೂರು ವರ್ಷ.

ನೆರೆಯವರು ಒಳ್ಳೆಯವರು. ಯಾರೂ ಹೇಳದೆ ಹಿತ್ತಲಿನ ಮಾವಿನ ಮರ ಕಡಿಯಲು ಕೊಡಲಿ ತಂದಿದ್ದರು. ಚಿತೆಗೆ ಮನೆಯ ಮಾವೇ ಆಗಬೇಕೆಂಬುದು ಅಲ್ಲಿಯ ಪದ್ಧತಿ. ದಾಕ್ಷಾಯಣಿ ಹೊರಗೆ ಬಂದು, "ಬೇಡ ಚೇಟ್ಟಾ, ನಮ್ಮಲ್ಲಿ ಸುಡುವುದಿಲ್ಲ. ಕುಳ್ಳಿರಿಸಿ ಮಣ್ಣು ಮಾಡುತ್ತೇವೆ" ಎಂದು ಕೊಡಲಿ ಹಿಡಿದ ಹಿರಿಯನಿಗೆ ಮಲಯಾಳದಲ್ಲಿ ಹೇಳಿದಳು. ಆಮೇಲೆ ಶ್ರೀಪತಿಯ ಕಡೆ ತಿರುಗಿ ಕನ್ನಡದಲ್ಲಿ, "ಲಗೂ ಕೂಡಿಸಬೇಕ್ರಿ. ಮೈ ಸೆಟೀತದ" ಎಂದಳು. ಶ್ರೀಪತಿಗೆ ಆ ಪದ್ಧತಿ ಏನೂ ಗೊತ್ತಿರಲಿಲ್ಲ. ಅವಳು ಹೇಳಿದಂತೆ ಮಾಡಿದ. ಗೋಡೆಗೆ ಒರಗಿಸಿ, ಕಾಲು ಮಡಿಸಿ, ದಿನಾ ಕೂರುತ್ತಿದ್ದ ಆ ಮಣೆಯ ಮೇಲೆಯೇ ಗೆಳೆಯನನ್ನು ಕೂರಿಸಿದ. ಹಣೆಗೆ ವಿಭೂತಿ ಹಚ್ಚಿದರು. ಕಾಲು ಮಡಿಸಲು ಜಾಗ ಸರಿಯಾಗಿತ್ತು. ಮಧ್ಯಾಹ್ನ ಕುರ್ಚಿಗೆ ಬಿದಿರು ಕಟ್ಟಿ, ಕುಳಿತಂತೆಯೇ ಹೊತ್ತು ಒಯ್ದರು. ಜೀವಮಾನವೆಲ್ಲ ಮರದ ಕೆಲಸ ಮಾಡಿದವನಿಗೆ ಕೊನೆಯಲ್ಲಿ ಒಂದು ಚಕ್ಕೆ ಸೌದೆಯೂ ಬೇಕಾಗಲಿಲ್ಲ.

ತಂತಿ ತಲುಪಿ ಪಪ್ಪು ಆಶಾರಿ ಬರುವಾಗ ಮೂರನೆಯ ದಿನ. ಕೆಲಸ ಬಿಟ್ಟು ವಿಶ್ರಾಂತಿಯಲ್ಲಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಂದು ಮನೆಯೆಲ್ಲ ತೊಳೆದಿದ್ದರು, ಮಣೆಯನ್ನೂ ತೊಳೆದು ಅಂಗಳದಲ್ಲಿ ನಿಲ್ಲಿಸಿದ್ದರು. ಆಶಾರಿ ಚಪ್ಪಲಿ ಬಿಟ್ಟವನು ಮೊದಲು ಅದನ್ನೆತ್ತಿಕೊಂಡು ಒಳಗೆ ತಂದ. ಹೆಬ್ಬೆರಳನ್ನು ತೂತಿನ ಅಂಚಿನ ಸುತ್ತ ಆಡಿಸಿದ. ಹತ್ತು ವರ್ಷ ಬಂದವರೆಲ್ಲ ಬೆರಳಿಟ್ಟು ಅಂಚು ನುಣ್ಣಗಾಗಿತ್ತು.

ದಾಕ್ಷಾಯಣಿ ಮಣೆಯನ್ನು ಒರೆಸಿ ಅವನ ಮುಂದೆಯೇ ಇಟ್ಟು, "ಕೂರಿ" ಎಂದಳು.

"ಸಾರ್ ಕೂತ ಮಣೆ ಮೋಳೇ" ಎಂದ ಆಶಾರಿ, ಮಗಳನ್ನು ಕರೆಯುವ ಹಾಗೆ.

"ನೀವು ಬಂದರೆ ಇದರ ಮೇಲೆ ಕೂರಿಸಬೇಕು ಅಂತ ಎಷ್ಟು ಸಲ ಹೇಳಿದ್ದಾರೋ. ನೀವು ಬರಲೇ ಇಲ್ಲ."

ಆಶಾರಿ ಕುಳಿತ. ಕಾಫಿ ಕುಡಿದು ಲೋಟ ಕೆಳಗಿಟ್ಟ. ಆಮೇಲೆ ಶ್ರೀಪತಿಯ ಕಡೆ ನೋಡಿ ಹೇಳತೊಡಗಿದ.

"ಆ ದಿನ ದೋಣಿಕಟ್ಟೆಯಲ್ಲಿ ನೀವೂ ಇದ್ದಿರಿ ಸಾರೇ. ನಾನು ಹೇಳಿದ್ದು ಒಂದೇ ಸಲ. ನನ್ನ ಮಾತು ನಂಬದೆ ನೀರಿನ ರುಚಿ ನೋಡಿದರಲ್ಲ, ಸಿಟ್ಟು ಬಂತು. ನೋಡಲಿ, ತಿಳಿಯುತ್ತದೆ ಎಂದುಕೊಂಡೆ. ವೃಶ್ಚಿಕ ಬಂತು, ಧನು ಬಂತು. ನೀರು ಉಪ್ಪಾದದ್ದು ನನಗೆ ಗೊತ್ತು. ದಿನಾ ಅವರ ಎದುರೇ ಓಡಾಡಿದೆ. ಎರಡನೇ ಸಲ ಹೇಳಲಿಲ್ಲ. ಹಾಳಾಗುವ ಮರ ನೋಡಿಕೊಂಡು ಸುಮ್ಮನಿದ್ದ ಆಶಾರಿ ನಾನು. ಮೆಮೋ ಬಂದಾಗ ಸರಿಯಾಗಿಯೇ ಬಂತು ಅನಿಸಿತು. ಆಮೇಲೆ ಸಾರ್ ಆ ಕಾಗದ ಬರೆದುಕೊಟ್ಟರು."

"ಅವನಿಗೆ ಇದು ಗೊತ್ತಿತ್ತಾ?" ಎಂದ ಶ್ರೀಪತಿ.

"ರೈಲು ಹೊರಡುವ ಮುಂಚೆ ನಾನೇ ಹೇಳಿದೆ. ಈಗ ಹೋಗಿ ಮೇನೋನ್ ಸಾರಿಗೂ ಹೇಳುತ್ತೇನೆ ಅಂದೆ. ಬೇಡ ಅಂದರು. 'ನೀನು ಎರಡನೇ ಸಲ ಹೇಳಿದ್ದರೂ ನಾನು ಕೇಳುತ್ತಿದ್ದೆ ಅಂತ ಏನು ಗ್ಯಾರಂಟಿ? ನಾನು ಕೇಳಬೇಕಿತ್ತು' ಅಂದರು."

ಏಳು ವರ್ಷ ಆ ಕಥೆಯನ್ನು ನೂರು ಸಲ ಕೇಳಿದ್ದ ಶ್ರೀಪತಿ ಈ ಭಾಗವನ್ನು ಕೇಳಿರಲಿಲ್ಲ. ವೀರಭದ್ರ ಅದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. "ಇನ್ನೊಮ್ಮೆ ಹೇಳಿ" ಎಂದು ಬಡಗಿಗಳನ್ನು ಕೇಳುತ್ತಿದ್ದುದು ಏಕೆಂದು ಅಂದು ತಿಳಿಯಿತು. ಸಿಟ್ಟು ಬಂದು ಸುಮ್ಮನಾಗುವವನಿಗೂ ಇನ್ನೊಂದು ಸಲ ಬಾಯಿ ತೆರೆಯಲು ದಾರಿ ಇರಲಿ ಎಂದು. ಅಂಥ ಒಬ್ಬನ ಪಕ್ಕದಲ್ಲಿ ಇಷ್ಟು ವರ್ಷ ಕುಳಿತು ಬುತ್ತಿ ಬಿಚ್ಚಿದೆನಲ್ಲ ಎಂದುಕೊಂಡ ಶ್ರೀಪತಿಗೆ ದುಃಖದ ನಡುವೆಯೂ ಕೈಮುಗಿಯಬೇಕೆನಿಸಿತು. ಯಾರಿಗೆಂದು ತಿಳಿಯಲಿಲ್ಲ.

ಹೊರಡುವಾಗ ಆಶಾರಿ ಮಣೆಯನ್ನು ಗೋಡೆಯ ಕಡೆ ಸರಿಸಿಟ್ಟು, "ನೀರು ಕುಡಿದಿದೆ ಮೋಳೇ. ಬಿಸಿಲಿಗೆ ಇಡಬೇಡ. ನೆರಳಲ್ಲೇ ಆರಲಿ" ಎಂದ.

"ಆಯಿತು" ಎಂದಳು ದಾಕ್ಷಾಯಣಿ.

ಬಸ್ಸಿಗೆ ಬಿಡಲು ಶ್ರೀಪತಿಯೂ ಹೊರಟ. ಗೇಟಿನವರೆಗೆ ಹೋದ ಆಶಾರಿ ಅಲ್ಲಿ ನಿಂತ. ಕೊಡೆಯನ್ನು ಶ್ರೀಪತಿಯ ಕೈಗೆ ಕೊಟ್ಟು, ಅಂಗಳ ದಾಟಿ ಹಿಂದಕ್ಕೆ ಹೋಗಿ, ಬಾಗಿಲಲ್ಲಿ ನಿಂತು ಹೇಳಿದ.

"ಬಿಸಿಲಿಗೆ ಇಡಬೇಡ ಮೋಳೇ. ಸೀಳುತ್ತದೆ."